ಕೆಂಪು ಶಾಯಿಯಲ್ಲಿ ಬರೆದದ್ದು

ಮಕ್ಕಳ ಡಾಕ್ಟರಾಗಿ ಗೋವರ್ಧನ ಚಳ್ಳಕೆರೆಗೆ ಬಂದಾಗ ಅವನಿಗೆ ಮೂವತ್ತು ದಾಟಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮೂರು ಕೋಣೆಯ ಒಂದು ಮನೆ ಹಿಡಿದು, ಜಗಲಿಯಲ್ಲಿ ಎರಡು ಉದ್ದನೆಯ ಬೆಂಚು ಹಾಕಿಸಿ, ಬಾಗಿಲಿಗೆ ಬೋರ್ಡು ತಗುಲಿಸಿದ. ಪರಶುರಾಂಪುರದ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಹಳ್ಳಿಯವರ ಮಾತು ಗೊತ್ತು, ಅವರ ಅಂಜಿಕೆ ಗೊತ್ತು. ಐದಾರು ವರ್ಷದಲ್ಲಿ ಗೋವರ್ಧನ ಡಾಕ್ಟರ ಕೈಗುಣ ಒಳ್ಳೆಯದು ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಯಿತು. ಆ ಕೈಗುಣದಲ್ಲಿ ತನ್ನ ಪಾಲು ಎಷ್ಟು, ಮೂರು ದಿನಕ್ಕೆ ತಾನಾಗಿಯೇ ಇಳಿಯುವ ಜ್ವರದ ಪಾಲು ಎಷ್ಟು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ನೂರ್ ಅಹಮ್ಮದನ ಮಗಳು ಮೆಹಜಬೀನ್ ಅವನ ಹತ್ತಿರ ಮೊದಲ ಸಲ ಬಂದಾಗ ಎರಡು ವರ್ಷದ ಕೂಸು. ನೂರ್ ಅಹಮ್ಮದ್ ಆಗ ಬಳ್ಳಾರಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ರುಕ್ಸಾನಾ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಎರಡು ದಿನದಿಂದ ಸುಡುವ ಜ್ವರ. ಆದರೆ ಜ್ವರದ ಔಷಧಿ ಹಾಕಿದ ಒಂದು ಗಂಟೆಗೆಲ್ಲ ಮಗು ಎದ್ದು ಆಡುತ್ತದೆ ಎಂದಳು. ಗೋವರ್ಧನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ. ಉಸಿರು ಸ್ವಚ್ಛವಾಗಿತ್ತು. ಕಿವಿ ನೋಡಿದ, ಗಂಟಲು ನೋಡಿದ. ಗಂಟಲು ಸ್ವಲ್ಪ ಕೆಂಪಗಿತ್ತು, ಅಷ್ಟೆ. ಇದು ವೈರಲ್ ಜ್ವರ, ಇನ್ನೊಂದೆರಡು ದಿನ ಕಾದು ಬಿಟ್ಟುಹೋಗುತ್ತದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸುವುದೇನು, ಗೊತ್ತೇ ಇತ್ತು.

ಹೊರಗೆ ಜಗಲಿಯಲ್ಲಿ ನಲವತ್ತು ಜನ ಕೂತಿದ್ದರು. ಬೆಂಚು ಸಾಲದೆ ಮೆಟ್ಟಿಲ ಮೇಲೂ ತಾಯಂದಿರಿದ್ದರು. ಆಂಟಿಬಯೋಟಿಕ್ ಸಿರಪ್ಪು ಚೀಟಿಯಲ್ಲಿ ಬರೆಯುವುದಕ್ಕೆ ಎರಡು ಕ್ಷಣ ಸಾಕು. ಅದು ಬೇಡ, ಯಾಕೆ ಬೇಡ, ಮನೆಯಲ್ಲಿ ಏನೇನು ಗಮನಿಸಬೇಕು, ಯಾವಾಗ ಮತ್ತೆ ಬರಬೇಕು ಎಂದು ತಿಳಿಸಿ ಹೇಳುವುದಕ್ಕೆ ಹತ್ತು ನಿಮಿಷ ಬೇಕು. ಹೇಳಿದರೂ, ಡಾಕ್ಟರು ಬರೀ ಜ್ವರದ ಔಷಧಿ ಬರೆದು ಕಳಿಸಿದರು ಎಂದು ತಾಯಿ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾಳೆ, ಅಲ್ಲಿ ಸಿರಪ್ಪು ಕೊಡುತ್ತಾರೆ, ಜ್ವರ ತನ್ನ ಪಾಡಿಗೆ ಇಳಿಯುತ್ತದೆ, ಕೈಗುಣ ಅವರದ್ದಾಗುತ್ತದೆ. ಜೊತೆಗೆ, ನೂರರಲ್ಲಿ ಒಂದು ಮಗುವಿಗೆ ನಾಳೆ ನ್ಯುಮೋನಿಯಾ ಆಗಿಬಿಟ್ಟರೆ ಎಂಬ ಅಂಜಿಕೆಯೂ ಇದ್ದೇ ಇರುತ್ತದೆ. ಗೋವರ್ಧನ ಅಮಾಕ್ಸಿಸಿಲಿನ್ ಬರೆದ. ಪೆನಿಸಿಲಿನ್ ಜಾತಿಯ ಔಷಧಿ, ಮಕ್ಕಳಿಗೆ ದಿನಾ ಬರೆಯುವಂಥದ್ದು. ಅವನ ಆಸ್ಪತ್ರೆಯ ನರ್ಸ್ ಬೋರಕ್ಕ ಪುಡಿಯ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹುಯ್ದು, ಕುಲುಕಿ, "ದಿನಕ್ಕೆ ಮೂರು ಸಲ, ಐದು ದಿನ, ನಿಲ್ಲಿಸ್ಬೇಡವ್ವಾ" ಎಂದು ರುಕ್ಸಾನಾಳ ಕೈಗೆ ಕೊಟ್ಟಳು.

ಎರಡು ದಿನ ಕಳೆದು ಮೂರನೆಯ ದಿನ ಬೆಳಿಗ್ಗೆ, ಬಾಗಿಲು ತೆರೆಯುತ್ತಲೇ ಆ ಮಗುವಿನ ಅಜ್ಜಿ ಬಂದಳು. ನೂರ್ ಅಹಮ್ಮದನ ತಾಯಿ ಹಜರಾ ಬೀ ಅಂದರೆ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ದನಿ ಎತ್ತಿದರೆ ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಸರದಿಯನ್ನು ಲೆಕ್ಕಿಸದೆ ಮಗುವನ್ನೆತ್ತಿಕೊಂಡು ನೇರವಾಗಿ ಒಳಗೆ ನುಗ್ಗಿದಳು. ಹಿಂದೆ ಅಳುಮೋರೆ ಮಾಡಿಕೊಂಡು ರುಕ್ಸಾನಾ.

"ಏನ್ ಔಷಧಿ ಕೊಟ್ಟಿದೀರಿ ಡಾಕ್ಟರ್ ಸಾಬ್? ನೋಡ್ರಿ ಇಲ್ಲಿ! ಹೂವಿನಂಗಿದ್ದ ಮಗೂ ಮೈಯೆಲ್ಲ ಸುಟ್ಟಂಗಾಗೈತೆ! ನಿಮ್ಮ ಸಿರಪ್ಪು ಹಾಕಿದ ಮ್ಯಾಲೇ ಆಗಿದ್ದು!"

ತೆರೆದ ಬಾಗಿಲಿನಾಚೆ ಜಗಲಿಯಲ್ಲಿ ಮಾತೆಲ್ಲ ನಿಂತುಹೋಯಿತು. ಬೆಂಚಿನವರು ಕತ್ತು ಚಾಚಿದರು.

ಗೋವರ್ಧನ ಮಗುವಿನ ಫ್ರಾಕು ಎತ್ತಿ ನೋಡಿದ. ಎದೆಯ ಮೇಲೆ, ಕತ್ತಿನ ಸುತ್ತ, ಬೆನ್ನಿಗೆ ಸಣ್ಣ ಸಣ್ಣ ಗುಲಾಬಿ ದದ್ದು. ತುರಿಕೆಯಿರಲಿಲ್ಲ. ತುಟಿ ಊದಿರಲಿಲ್ಲ, ಉಸಿರಿಗೆ ತೊಂದರೆಯಿರಲಿಲ್ಲ. ಮೈ ತಣ್ಣಗಿತ್ತು. "ಜ್ವರ ಯಾವಾಗ ಬಿಡ್ತು?" ಎಂದು ರುಕ್ಸಾನಾಳನ್ನು ಕೇಳಿದ. "ನಿನ್ನೆ ಮಧ್ಯಾಹ್ನ ಬಿಡ್ತು ಸರ್. ಸಾಯಂಕಾಲ ಈ ದದ್ದು ಎದ್ವು" ಎಂದಳು. ಮಗು ಅವನ ಸ್ಟೆತಸ್ಕೋಪಿಗೆ ಕೈಹಾಕಿ ನಗುತ್ತಿತ್ತು.

ಒಂದೇ ನೋಟಕ್ಕೆ ಅವನಿಗೆ ತಿಳಿಯಿತು. ಎರಡು ವರ್ಷದ ಮಗು, ಮೂರು ದಿನ ಸುಡುವ ಜ್ವರ, ಜ್ವರ ಬಿಟ್ಟ ಮೇಲೆ ದದ್ದು: ಪರೀಕ್ಷೆಗೆ ಓದುವಾಗ ಕಣ್ಣು ಮುಚ್ಚಿ ಹೇಳುತ್ತಿದ್ದ ಪಾಠ. ದದ್ದು ಔಷಧಿಯದ್ದಲ್ಲ, ರೋಗದ್ದೇ. ಎರಡು ದಿನಕ್ಕೆ ಮಾಯುತ್ತದೆ. ಹಾಗೆಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳಿದರೆ ಹಜರಾ ಬೀ ಮುಂದಿನ ಮಾತು ಕೇಳದೆ ಬಿಡುತ್ತಿರಲಿಲ್ಲ: ರೋಗ ತಾನಾಗಿ ಹೋಗೋದಾದ್ರೆ ಮತ್ತೆ ಆ ಸಿರಪ್ಪು ಯಾಕೆ ಕೊಟ್ರಿ? ಅದಕ್ಕೆ ನಲವತ್ತು ಜನರ ಮುಂದೆ ಕೊಡಲು ಅವನ ಹತ್ತಿರ ಉತ್ತರವಿರಲಿಲ್ಲ.

"ಗಾಬರಿ ಆಗ್ಬೇಡಿ ಅಮ್ಮಾ" ಎಂದ. "ಸಾವಿರಕ್ಕೊಂದು ಮಗೂಗೆ ಈ ಔಷಧಿ ಒಗ್ಗೋದಿಲ್ಲ. ಅಲರ್ಜಿ ಅಂತಾರೆ. ಯಾರಿಗೆ ಒಗ್ಗಲ್ಲ ಅಂತ ಮೊದ್ಲೇ ಹೇಳೋಕಾಗಲ್ಲ. ನಿಲ್ಲಿಸಿಬಿಡಿ, ಎರಡು ದಿನದಲ್ಲಿ ದದ್ದು ಇಳೀತವೆ. ನಾನು ಬರ್ಕೊಡ್ತೀನಿ, ಇನ್ಮುಂದೆ ಯಾವ ಡಾಕ್ಟರ ಹತ್ರ ಹೋದ್ರೂ ಇದನ್ನ ಮೊದ್ಲು ತೋರ್ಸಿ."

ಮೇಜಿನ ಮೇಲಿನ ಕೆಂಪು ಪೆನ್ನು ತೆಗೆದು ಮಗುವಿನ ಹಾಳೆಯ ನೆತ್ತಿಗೆ ದಪ್ಪ ಅಕ್ಷರದಲ್ಲಿ ಬರೆದ: ಪೆನಿಸಿಲಿನ್ ಅಲರ್ಜಿ, ಕೊಡಬಾರದು. ಕೆಳಗೆ ಎರಡು ಗೆರೆ ಎಳೆದ. ಹಜರಾ ಬೀ ಆ ಕೆಂಪು ಅಕ್ಷರಗಳನ್ನು ನೋಡಿ ತಣ್ಣಗಾದಳು. ಮಗುವಿನ ಮೈಯ ಗುಟ್ಟೊಂದನ್ನು ಡಾಕ್ಟರು ಕಂಡುಹಿಡಿದರಲ್ಲ ಎಂಬ ಸಮಾಧಾನ. ಜಗಲಿಯಲ್ಲಿ ಮಾತು ಮತ್ತೆ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಗೋವರ್ಧನ ಅದನ್ನು ಮರೆತಿದ್ದ.

ಹನ್ನೆರಡು ವರ್ಷವಾಯಿತು. ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಯಿತು, ಜಗಲಿಯ ಬೆಂಚು ಎರಡಿದ್ದದ್ದು ನಾಲ್ಕಾಯಿತು. ಹೋದ ವರ್ಷ ಮಳೆ ಹಿಡಿಯುವ ಮೊದಲಿನ ಒಂದು ಮಂಗಳವಾರ, ಒಬ್ಬ ತಾಯಿ ಹದಿನಾಲ್ಕು ವರ್ಷದ ಮಗಳ ಜೊತೆ ಒಳಗೆ ಬಂದಳು. ಹುಡುಗಿ ತಾಯಿಗಿಂತ ಎತ್ತರ, ಕಡ್ಡಿಯಂತೆ ತೆಳ್ಳಗಿದ್ದಳು. ನಾಲ್ಕು ಮೆಟ್ಟಿಲು ಹತ್ತಿ ಬಂದದ್ದಕ್ಕೇ ಅವಳ ಉಸಿರು ಏರಿತ್ತು.

"ಗುರ್ತು ಸಿಕ್ತಾ ಸರ್? ನಾನು ರುಕ್ಸಾನಾ. ಬಳ್ಳಾರಿ ರೋಡಿನ ಗ್ಯಾರೇಜಿನ ನೂರ್ ಅಹಮ್ಮದ್ ಅವ್ರ ಮನೆಯವ್ಳು. ನಾವೀಗ ಮೊಳಕಾಲ್ಮೂರಲ್ಲಿದೀವಿ, ಅವ್ರು ಅಲ್ಲೇ ಸ್ವಂತ ಗ್ಯಾರೇಜ್ ಇಟ್ಟಾರೆ. ಇವ್ಳು ಮೆಹಜಬೀನ್. ಸಣ್ಣೋಳಿದ್ದಾಗ ನೀವೇ ನೋಡಿದ್ದು."

ಅವನಿಗೆ ಗುರುತು ಸಿಗಲಿಲ್ಲ. ರುಕ್ಸಾನಾ ಚೀಲದಿಂದ ಕಾಗದದ ಕಟ್ಟು ತೆಗೆದಳು. ಎಲ್ಲಕ್ಕಿಂತ ಮೇಲೆ, ಲ್ಯಾಮಿನೇಷನ್ ಮಾಡಿಸಿದ ಒಂದು ಹಳೆಯ ಹಾಳೆ ಇತ್ತು. ಅವನದೇ ಆಸ್ಪತ್ರೆಯ ಹೆಸರು, ಅವನದೇ ಕೈಬರಹ, ಕೆಂಪು ಶಾಯಿ ಸ್ವಲ್ಪ ಕಂದಿತ್ತು. ಕೆಳಗಿನ ಎರಡು ಗೆರೆ ಹಾಗೇ ಇದ್ದವು.

"ಇದನ್ನ ನಾವು ಜೋಪಾನ ಮಾಡಿದ್ವಿ ಸರ್" ಎಂದಳು ರುಕ್ಸಾನಾ. "ಎಲ್ಲೇ ಹೋದ್ರೂ ಮೊದ್ಲು ಇದನ್ನೇ ತೋರ್ಸೋದು."

ಆಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ಎಂಟನೇ ವರ್ಷದಲ್ಲಿ ಮೆಹಜಬೀನಳಿಗೆ ಗಂಟಲು ನೋವು ಬಂದು ಹೋಗಿತ್ತು. ಅದಾದ ಮೂರು ವಾರಕ್ಕೆ ಮಂಡಿ ಊದಿಕೊಂಡಿತು; ಮಂಡಿ ಇಳಿಯುತ್ತಲೇ ಕಾಲಿನ ಗೆಣ್ಣು, ಆಮೇಲೆ ಮೊಣಕೈ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಇದು ರುಮ್ಯಾಟಿಕ್ ಜ್ವರ, ಗಂಟಲಿನ ಸೋಂಕಿನ ಬೆನ್ನಿಗೆ ಬರುವಂಥದ್ದು, ಕೀಲುಗಳನ್ನು ಮುಟ್ಟಿ ಹೃದಯವನ್ನು ಹಿಡಿಯುತ್ತದೆ ಎಂದರು. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಕೊಟ್ಟರೆ ಮತ್ತೆ ಬಾರದಂತೆ ತಡೆಯಬಹುದು ಎಂದು ಚೀಟಿ ಬರೆಯುವಷ್ಟರಲ್ಲಿ ರುಕ್ಸಾನಾ ಈ ಹಾಳೆ ತೋರಿಸಿದ್ದಳು. ಅವರು ಚೀಟಿಯಲ್ಲಿ ಇಂಜೆಕ್ಷನ್ನಿನ ಹೆಸರು ಹೊಡೆದುಹಾಕಿ ಬೇರೆ ಮಾತ್ರೆ ಬರೆದರು, ದಿನಕ್ಕೆರಡು ಸಲ. ಆ ಮಾತ್ರೆ ನುಂಗಿದರೆ ಹುಡುಗಿಗೆ ಹೊಟ್ಟೆ ತೊಳಸುತ್ತಿತ್ತು. ಒಂದು ದಿನ ನುಂಗಿದರೆ ಎರಡು ದಿನ ಬಿಡುತ್ತಿದ್ದಳು. ಹನ್ನೊಂದಕ್ಕೆ ಜ್ವರ ಮತ್ತೆ ಬಂತು, ಹದಿಮೂರಕ್ಕೆ ಮತ್ತೆ. ಈಗ ಹೃದಯದ ಒಂದು ವಾಲ್ವು ಸರಿಯಾಗಿ ಮುಚ್ಚುವುದಿಲ್ಲ, ಸೋರುತ್ತದೆ.

"ಬೆಂಗಳೂರಿಗೆ ಹೋಗಿದ್ವಿ ಸರ್. ಅಲ್ಲಿ ಒಬ್ರು ಮೇಡಮ್ಮು ಈ ಹಾಳೆ ನೋಡಿ, ಅವತ್ತು ಏನೇನಾಗಿತ್ತು, ಜ್ವರ ಯಾವಾಗ ಬಿಡ್ತು, ದದ್ದು ಯಾವಾಗ ಬಂತು ಅಂತ ಒಂದೊಂದೇ ಕೇಳಿದ್ರು. ಆಮೇಲೆ ಚರ್ಮಕ್ಕೆ ಪರೀಕ್ಷೆ ಮಾಡಿ, ಸ್ವಲ್ಪ ಸ್ವಲ್ಪ ಔಷಧಿ ಕೊಟ್ಟು, ಒಂದು ದಿನ ಪೂರ್ತಿ ಇಟ್ಕೊಂಡ್ರು. ಏನೂ ಆಗ್ಲಿಲ್ಲ. ಇವ್ಳಿಗೆ ಅಲರ್ಜಿ ಇಲ್ಲ ಅಂದ್ರು. ಇನ್ಮುಂದೆ ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್ ತಪ್ಪಿಸಬಾರ್ದಂತೆ. ಊರ ಕಡೆ ಕೊಡೋಕೆ ಎಲ್ರೂ ಹೆದ್ರತಾರೆ ಸರ್. ಅದಕ್ಕೇ ನಿಮ್ ಹತ್ರ ಬಂದ್ವಿ. ನಿಮಗೆ ಇವ್ಳ ಮೈ ಗೊತ್ತಲ್ಲ."

ಗೋವರ್ಧನನ ಕೈ ಆ ಹಾಳೆಯ ಮೇಲೇ ಇತ್ತು. ಜ್ವರ ಯಾವಾಗ ಬಿಡ್ತು. ಅದೇ ಪ್ರಶ್ನೆಯನ್ನು ಅವನೂ ಕೇಳಿದ್ದ. ಫ್ರಾಕು, ಗುಲಾಬಿ ದದ್ದು, ನಗುತ್ತಿದ್ದ ಕೂಸು, ಅಜ್ಜಿಯ ದನಿ, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು.

"ದೊಡ್ಡವರಾದ ಮೇಲೆ ಅಲರ್ಜಿ ತಾನಾಗೇ ಹೋಗ್ಬಿಡ್ತದಾ ಸರ್?" ಎಂದು ರುಕ್ಸಾನಾ ಕೇಳಿದಳು. ಅವಳ ಮುಖದಲ್ಲಿ ಸಂಶಯವಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು.

"ಕೆಲವರಿಗೆ ಹೋಗ್ತದೆ" ಎಂದ ಗೋವರ್ಧನ.

ಅದು ಸುಳ್ಳಲ್ಲ, ಕೆಲವರಿಗೆ ಹೋಗುವುದುಂಟು. ಹಾಗಂತ ಅವನು ತನಗೇ ಹೇಳಿಕೊಂಡ. ಹೊಸ ಹಾಳೆ ತೆಗೆದು, 'ಈಗ ಪೆನಿಸಿಲಿನ್ ಅಲರ್ಜಿ ಇಲ್ಲ' ಎಂದು ಬರೆದು ಸಹಿ ಮಾಡಿದ. 'ಈಗ' ಎಂಬ ಆ ಮಾತನ್ನು ಯೋಚಿಸಿಯೇ ಬರೆದ. ತುರ್ತಿಗೆ ಬೇಕಾಗುವ ಔಷಧಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲು ಚರ್ಮದಡಿ ಹನಿಯಷ್ಟು ಹಾಕಿ ಅರ್ಧ ಗಂಟೆ ಕಾದು, ಆಮೇಲೆ ಇಂಜೆಕ್ಷನ್ ಕೊಟ್ಟ. ಹಾಲಿನಂಥ ಗಟ್ಟಿ ಔಷಧಿ, ನಿಧಾನವಾಗಿ ಇಳಿಯುತ್ತದೆ, ಬಹಳ ನೋವು. ಹುಡುಗಿ ದುಪಟ್ಟಾದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು, ಕೂಗಲಿಲ್ಲ.

ಹೋಗುವಾಗ ರುಕ್ಸಾನಾ ಹೇಳಿದಳು: "ಅವತ್ತು ನೀವು ಬರ್ದು ಕೊಡದೆ ಹೋಗಿದ್ರೆ ಏನಾಗ್ತಿತ್ತೋ ಸರ್. ನಮ್ಮ ಅತ್ತೆ ಇವತ್ತಿಗೂ ನಿಮ್ಮ ಹೆಸರು ಹೇಳ್ತಾರೆ."

ಸಾಯಂಕಾಲ ಜಗಲಿ ಖಾಲಿಯಾದ ಮೇಲೆ ಬೋರಕ್ಕ ಟ್ರೇ ಒರೆಸುತ್ತಾ ಅವನ ಕೋಣೆಯ ಬಾಗಿಲಲ್ಲಿ ನಿಂತಳು. ಮೊದಲ ದಿನದಿಂದ ಅವನ ಜೊತೆ ಇದ್ದವಳು ಅವಳು, ಮಾತು ಕಡಿಮೆ.

"ಸಾ, ಆ ಹುಡುಗೀದು ನನಗೆ ನೆನಪೈತೆ."

"ಏನು ನೆನಪೈತೆ ಬೋರಕ್ಕ?"

"ಅವತ್ತು ಆ ಮುದುಕಿ ಕೂಗಾಡಿ ಹೋದ್ಮ್ಯಾಲೆ ನಾನು ಕೇಳ್ದೆ, ಮಗೂಗೆ ಏನಾರ ಆಗ್ತದಾ ಸಾ ಅಂತ. ನೀವು ನಕ್ಕಂತ ಅಂದ್ರಿ, ಏನೂ ಇಲ್ಲ, ಮಾಮೂಲಿ ದದ್ದು, ತಾನೇ ಹೋಗ್ತದೆ ಅಂತ." ಟ್ರೇ ಕೆಳಗಿಟ್ಟಳು. "ಅಲರ್ಜಿ ಅಂತ ಬರ್ದು ಕೊಟ್ರಲ್ಲ, ಮತ್ತೆ ಹಿಂಗಂತಾರಲ್ಲ ಅಂತ ನಂಗೆ ಅನ್ನಿಸ್ತು. ನಾನು ಓದ್ದೋಳಲ್ಲ. ಕೇಳ್ಲಿಲ್ಲ."

ದದ್ದು, ಹಾಳೆ, ಕೆಂಪು ಪೆನ್ನು ಎಲ್ಲ ನೆನಪಾಗಿತ್ತು. ನಕ್ಕದ್ದು ಮಾತ್ರ ಅವನಿಗೆ ನೆನಪಿರಲಿಲ್ಲ.

ಅಲ್ಲಿಂದ ಇಪ್ಪತ್ತೊಂದು ದಿನ ಗೋವರ್ಧನ ಎಂದಿನಂತೆ ಕೆಲಸ ಮಾಡಿದ. ಆದರೆ ಚೀಟಿ ಬರೆಯುವಾಗ ಪೆನ್ನು ನಿಲ್ಲುತ್ತಿತ್ತು. ಬೇಡದ ದಿನ ಕೊಟ್ಟ ಔಷಧಿಯೇ ಬೇಕಾದ ದಿನ ಆ ಮಗುವಿಗೆ ಸಿಗದಂತೆ ಮಾಡಿದವನು ತಾನು. ಗಂಟಲಿನ ಆ ಸೋಂಕಿಗೆ ಪೆನಿಸಿಲಿನ್ನಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಅದು ಅಗ್ಗದ್ದು, ಸಾಮಾನ್ಯದ್ದು, ಮೊಳಕಾಲ್ಮೂರಿನ ಯಾವ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು. ಎಂಟನೇ ವರ್ಷದಲ್ಲಿ ಯಾರಾದರೂ ಅದನ್ನು ಕೊಟ್ಟಿದ್ದರೆ ಎಂದು ಯೋಚಿಸುತ್ತಿದ್ದ. ಆ ಯೋಚನೆಯನ್ನು ಅರ್ಧಕ್ಕೇ ಬಿಟ್ಟು ಮುಂದಿನ ಮಗುವನ್ನು ಕರೆಯುತ್ತಿದ್ದ. ಈಗ ನಿಜ ಹೇಳಿ ಏನು ಪ್ರಯೋಜನ, ವಾಲ್ವು ಸರಿಹೋಗುತ್ತದೆಯೆ ಎಂದೂ ಅಂದುಕೊಂಡ. ಇನ್ನು ಮುಂದೆ ಇಂಜೆಕ್ಷನ್ ತಪ್ಪದಂತೆ ನೋಡಿಕೊಂಡರೆ ಸಾಕಲ್ಲ ಎಂದೂ ಅಂದುಕೊಂಡ.

ಇಪ್ಪತ್ತೊಂದನೆಯ ದಿನ ತಾಯಿ ಮಗಳ ಜೊತೆ ಹಜರಾ ಬೀಯೂ ಬಂದಿದ್ದಳು. ಬೆನ್ನು ಬಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದದ್ದಕ್ಕೆ ಸುಸ್ತಾಗಿತ್ತು. ಕುರ್ಚಿಯಲ್ಲಿ ಕೂತವಳು ಸೆರಗಿನೊಳಗಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಖರ್ಜೂರ.

"ಡಾಕ್ಟರ್ ಸಾಬ್, ನಾನೇ ಬರ್ತೀನಿ ಅಂತ ಹಟ ಮಾಡಿ ಬಂದೆ" ಎಂದಳು. "ಅವತ್ತು ನಿಮ್ಮನ್ನ ಎಲ್ರ ಮುಂದೆ ಬಾಯಿಗೆ ಬಂದಂಗೆ ಬೈದೆ. ನೀವು ಒಂದು ಮಾತು ಎದ್ರಾಡ್ಲಿಲ್ಲ. ಎಷ್ಟು ಶಾಂತವಾಗಿ ಬರ್ದು ಕೊಟ್ರಿ. ವಯಸ್ಸಾಯ್ತು ನಂಗೆ. ಮಾಫ್ ಮಾಡ್ಬಿಡ್ರಿ."

ಗೋವರ್ಧನ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಕೂರಲಿಲ್ಲ. ಮೇಜಿಗೆ ಆತು ನಿಂತು, "ಮಾಫಿ ನಾನು ಕೇಳ್ಬೇಕು ಅಮ್ಮಾ" ಎಂದ.

ಮೂವರೂ ಅವನ ಮುಖ ನೋಡಿದರು.

"ಅವತ್ತಿನ ದದ್ದು ಔಷಧಿಯದಲ್ಲ. ಆ ಜ್ವರದ್ದೇ. ಜ್ವರ ಬಿಟ್ಟ ಮೇಲೆ ಸಣ್ಣ ಮಕ್ಕಳಿಗೆ ಹಂಗೆ ಬರ್ತದೆ, ಎರಡು ದಿನಕ್ಕೆ ಹೋಗ್ತದೆ. ಅದು ನನಗೆ ಅವತ್ತೇ ಗೊತ್ತಿತ್ತು. ಮೆಹಜಬೀನಳಿಗೆ ಅಲರ್ಜಿ ಇತ್ತು, ಈಗ ಹೋಯ್ತು ಅಂತಲ್ಲ. ಯಾವತ್ತೂ ಇರ್ಲಿಲ್ಲ."

"ಮತ್ತೆ..." ಎಂದಳು ರುಕ್ಸಾನಾ.

"ಆ ಸಿರಪ್ಪೇ ಅವ್ಳಿಗೆ ಬೇಕಾಗಿರ್ಲಿಲ್ಲ. ಸುಮ್ನೆ ಕೊಟ್ಟಿದ್ದೆ. ದದ್ದು ರೋಗದ್ದು ಅಂತ ಹೇಳಿದ್ರೆ, ಔಷಧಿ ಯಾಕೆ ಕೊಟ್ಟೆ ಅಂತ ನೀವು ಕೇಳ್ತಿದ್ರಿ. ಎಲ್ರೂ ಕೇಳಿಸ್ಕೋತಿದ್ರು. ಅಲರ್ಜಿ ಅಂತ ಬರ್ದು ತಪ್ಪಿಸ್ಕೊಂಡೆ."

ರುಕ್ಸಾನಾ ತೊಡೆಯ ಮೇಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ಎಂಟನೇ ವರ್ಷ, ಹನ್ನೊಂದನೇ ವರ್ಷ, ಹದಿಮೂರನೇ ವರ್ಷ ಅವಳ ಕಣ್ಣ ಮುಂದೆ ಹಾದುಹೋದದ್ದನ್ನು ಗೋವರ್ಧನ ಅವಳ ಮುಖದಲ್ಲೇ ಕಂಡ. ಎಲ್ಲ ಕಡೆ ಆ ಹಾಳೆಯನ್ನು ಮೊದಲು ತೆಗೆದು ತೋರಿಸಿದ ಕೈ ಅವಳದ್ದು.

"ನಾನೇ ತೋರ್ಸಿದ್ದು" ಎಂದಳು ಮೆಲ್ಲಗೆ. "ಅವ್ರು ಇಂಜೆಕ್ಷನ್ ಬರೀತಿದ್ರು. ನಾನೇ ಬ್ಯಾಡ ಅಂದೆ."

"ನಿಮ್ದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನ ಮಾಡಿದ್ರಿ."

ಹಜರಾ ಬೀ ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಅವನ ಕಡೆ ನೋಡಿದಳು.

"ಬೈಯ್ತಿದ್ದೆ ಸಾಬ್. ಖರೇವಾಗ್ಲೂ ಬೈಯ್ತಿದ್ದೆ. ಎಷ್ಟು ದಿನ ಬೈಯ್ತಿದ್ದೆ? ಒಂದು ದಿನ. ಮಾರನೇ ದಿನ ಮಗೂ ಹುಷಾರಾಗಿರೋದು ನೋಡಿ ನಾನೇ ಮರ್ತುಬಿಡ್ತಿದ್ದೆ. ಒಂದು ದಿನದ ಬೈಗುಳ ನಿಮ್ ಕೈಲಿ ತಡ್ಕೊಳ್ಳೋಕಾಗ್ಲಿಲ್ವಾ?"

ಗೋವರ್ಧನ ಮೇಜಿನ ಮೇಲಿನ ಖರ್ಜೂರದ ಪೊಟ್ಟಣವನ್ನು ಅವಳ ಕಡೆಗೆ ಸರಿಸಿದ.

ರುಕ್ಸಾನಾ ಎದ್ದು ಮಗಳ ತೋಳು ಹಿಡಿದಳು. "ಏಳು, ಹೋಗಾಣ." ಮೆಹಜಬೀನ್ ಏಳಲಿಲ್ಲ. ಇಲ್ಲಿಯವರೆಗೆ ಒಂದು ಮಾತೂ ಆಡದೆ ಕೂತಿದ್ದವಳು ತಾಯಿಗೆ ಉರ್ದುವಿನಲ್ಲಿ ಏನೋ ಹೇಳಿ, ಆಮೇಲೆ ಅವನಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು: "ಇವತ್ತಿಗೆ ಇಪ್ಪತ್ತೊಂದು ದಿನ ಅಮ್ಮಿ. ಒಂದೂ ತಪ್ಪಿಸ್ಬಾರ್ದು ಅಂದಾರೆ. ಹಾಕಿಸ್ಕೊಂಡೇ ಹೋಗಾಣ."

ಅವಳೇ ಹೋಗಿ ಪಕ್ಕದ ಕೋಣೆಯ ಮಂಚದ ಮೇಲೆ ಬೋರಲಾಗಿ ಮಲಗಿದಳು. ಗೋವರ್ಧನ ಔಷಧಿ ಕಲಸಿದ. ಬೋರಕ್ಕ ಹುಡುಗಿಯ ಭುಜ ಹಿಡಿದುಕೊಂಡಳು. ಔಷಧಿ ಇಳಿಯುವಷ್ಟು ಹೊತ್ತೂ ಮೆಹಜಬೀನ್ ಗೋಡೆಯ ಕಡೆ ಮುಖ ಮಾಡಿದ್ದಳು. ಮುಗಿದ ಮೇಲೆ ಎದ್ದು ಕೂತು, "ನಾನು ಖೋಖೋದಲ್ಲಿ ತಾಲ್ಲೂಕಿಗೆ ಹೋಗಿದ್ದೆ ಅಂಕಲ್, ಐದನೇ ಕ್ಲಾಸಲ್ಲಿದ್ದಾಗ" ಎಂದಳು. ದೂರುವ ದನಿಯಿರಲಿಲ್ಲ. ಗೊತ್ತಿರಲಿ ಎಂಬಂತೆ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಮುಂದಿನ ಇಪ್ಪತ್ತೊಂದನೆಯ ದಿನ ಅವರು ಬರಲಿಲ್ಲ. ಗೋವರ್ಧನ ಮಧ್ಯಾಹ್ನದವರೆಗೆ ನೋಡಿದ. ಆಮೇಲೆ ಜಗಲಿಯಲ್ಲಿ ಕೂತಿದ್ದವರಿಗೆ ನಾಳೆ ಬರಲು ಹೇಳಿಸಿ, ಇಂಜೆಕ್ಷನ್ನನ್ನೂ ತುರ್ತಿನ ಔಷಧಿಗಳನ್ನೂ ಡಬ್ಬಿಗೆ ಹಾಕಿಕೊಂಡು ಕಾರು ತೆಗೆದ. ತಳಕು ದಾಟಿದ ಮೇಲೆ ಎರಡೂ ಕಡೆ ಶೇಂಗಾದ ಹೊಲ, ಆಮೇಲೆ ಬಂಡೆಯ ಗುಡ್ಡಗಳು. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದಿನ ಓಣಿಯೊಂದರ ಬಾಯಲ್ಲೇ ನೂರ್ ಅಹಮ್ಮದನ ಗ್ಯಾರೇಜು ಸಿಕ್ಕಿತು. ನೂರ್ ಅಹಮ್ಮದ್ ಒಂದು ಬೈಕಿನ ಎಂಜಿನ್ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ತಲೆಯೆತ್ತಿ ನೋಡಿದ, ಗುರುತು ಹಿಡಿದ, ಕೈ ಒರೆಸಿಕೊಂಡು ಎದ್ದ.

"ಇಂಜೆಕ್ಷನ್ ಹಾಕ್ಸಾಯ್ತು" ಎಂದ, ಕೇಳುವ ಮೊದಲೇ. "ಬೆಳಿಗ್ಗೆ ಇಲ್ಲೇ ಹಾಕ್ಸಿದ್ವಿ. ಅವ್ರು ಮೊದ್ಲು ಹೆದ್ರಿದ್ರು. ಬೆಂಗಳೂರಿನ ಕಾಗದ ತೋರ್ಸಿದೆ. ನಿಮ್ದು ಒಂದು ಹಾಳೆ ಕೊಟ್ಟಿದ್ರಲ್ಲ, ಈಗ ಅಲರ್ಜಿ ಇಲ್ಲ ಅಂತ, ಅದನ್ನ ಓದಿ, ಈಗ ಅಂದ್ರೆ ಮೊದ್ಲು ಇತ್ತಾ, ಮತ್ತೆ ಬಂದ್ರೆ ಏನ್ ಮಾಡಾದು ಅಂತ ಕೂತ್ರು. ಒಂದು ಗಂಟೆ ಹಿಡೀತು ಒಪ್ಪಿಸೋಕೆ."

ಗೋವರ್ಧನ ಕಾರಿನಿಂದ ತನ್ನ ಲೆಟರ್‌ಹೆಡ್ಡು ತಂದು, ಅಲ್ಲೇ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದ: ಈ ಮಗುವಿಗೆ ಪೆನಿಸಿಲಿನ್ ಅಲರ್ಜಿ ಯಾವತ್ತೂ ಇರಲಿಲ್ಲ. ಎರಡನೇ ವರ್ಷದಲ್ಲಿ ಬಂದ ದದ್ದು ವೈರಲ್ ಜ್ವರದ್ದು. ಅಂದು ಆಂಟಿಬಯೋಟಿಕ್ ಬೇಕಿರಲಿಲ್ಲ, ನಾನು ಕೊಟ್ಟೆ. ಅಲರ್ಜಿ ಇಲ್ಲವೆಂದು ತಿಳಿದೂ ಇದೆಯೆಂದು ಬರೆದೆ. ಸಹಿ ಮಾಡಿ, ಮೊಹರು ಒತ್ತಿ, ಕೊಟ್ಟ. ನೂರ್ ಅಹಮ್ಮದ್ ಗ್ರೀಸು ಮೆತ್ತದಂತೆ ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಓದಿದ.

"ಇದನ್ನ ಯಾರಿಗಾರ ತೋರ್ಸಿದ್ರೆ ನಿಮಗೆ ತೊಂದ್ರೆ ಆಗಲ್ವಾ?"

"ಆಗ್ಬೋದು. ತೋರ್ಸ್ಬೇಕು ಅನ್ನಿಸಿದ್ರೆ ತೋರ್ಸಿ ನೂರ್ ಸಾಬ್ರೇ."

ನೂರ್ ಅಹಮ್ಮದ್ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಒಂದು ಮಾತು ಕೇಳ್ತೀನಿ, ಖರೇವು ಹೇಳ್ರಿ. ಅವ್ಳಿಗೆ ಆಪರೇಷನ್ ಬೇಕಾಗ್ತದಾ?"

"ಗೊತ್ತಿಲ್ಲ" ಎಂದ ಗೋವರ್ಧನ. "ಇಂಜೆಕ್ಷನ್ ತಪ್ಪದೆ, ಜ್ವರ ಮತ್ತೆ ಬರದಿದ್ರೆ, ವಾಲ್ವು ಈಗಿರೋ ಹಂಗೇ ಉಳೀಬೋದು. ಸ್ವಲ್ಪ ಸುಧಾರಿಸಲೂಬೋದು. ಬೇಕಾಗಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ."

ನೂರ್ ಅಹಮ್ಮದ್ ತಲೆಯಾಡಿಸಿದ. ಎದುರಿನ ಅಂಗಡಿಗೆ ಕೈಮಾಡಿ ಎರಡು ಚಹಾ ಹೇಳಿದ. ಚಹಾ ಬಂತು, ಇಬ್ಬರೂ ಕುಡಿದರು. "ನಿಮ್ ಮ್ಯಾಲೆ ಸಿಟ್ಟೈತೆ" ಎಂದ ಲೋಟ ಕೆಳಗಿಡುತ್ತಾ. "ಎಷ್ಟು ದಿನ ಇರ್ತದೋ ನಂಗೂ ಗೊತ್ತಿಲ್ಲ. ಹುಡುಗಿ ಇಸ್ಕೂಲಿಂದ ಬರೋ ಹೊತ್ತಾಯ್ತು. ನೀವು ಹೊರಡ್ರಿ."

ಗೋವರ್ಧನ ಹೊರಟ.

ಚಳ್ಳಕೆರೆಗೆ ಬಂದ ಮೇಲೆ ಅವನೂ ಬೋರಕ್ಕನೂ ಒಂದು ಭಾನುವಾರ ಕೂತು ನೆನಪು ಮಾಡಿಕೊಂಡರು: ಈ ಹದಿನೆಂಟು ವರ್ಷದಲ್ಲಿ ಇನ್ನೆಷ್ಟು ಹಾಳೆಗೆ ಆ ಕೆಂಪು ಸಾಲು ಬಿದ್ದಿರಬಹುದು? ಹಾಳೆಗಳೆಲ್ಲ ಮನೆಮನೆಗೆ ಹೋಗಿದ್ದವು. ಆಸ್ಪತ್ರೆಯಲ್ಲಿ ಪ್ರತಿ ಇರಲಿಲ್ಲ. ಹನ್ನೊಂದು ಹೆಸರು ನೆನಪಾದವು. ಅದರಲ್ಲಿ ಸಿಕ್ಕವರು ನಾಲ್ಕೇ. ಪರಶುರಾಂಪುರದಾಚೆಯ ದೊಡ್ಡೀರಪ್ಪನ ಮೊಮ್ಮಗ ಹಾಳೆಯನ್ನು ಎಂದೋ ಕಳೆದುಕೊಂಡು, ಆಮೇಲೆ ಹತ್ತು ಸಲ ಅದೇ ಔಷಧಿ ಕುಡಿದು, ಏನೂ ಆಗದೆ ಗಟ್ಟಿಮುಟ್ಟಾಗಿದ್ದ. ಉಳಿದ ಮೂವರನ್ನು ಪರೀಕ್ಷೆಗೆ ಕಳಿಸಿದ. ಮಿಕ್ಕ ಏಳು ಮಂದಿ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ.

ಈಗ ಅವನು ಸಿರಪ್ಪು ಬೇಡವಾದಾಗ ಬೇಡ ಎನ್ನುತ್ತಾನೆ. ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಕೆಲವು ತಾಯಂದಿರು ಕೇಳಿಸಿಕೊಳ್ಳುತ್ತಾರೆ, ಕೆಲವರು ಮುಖ ಗಂಟಿಕ್ಕಿಕೊಂಡು ಎದ್ದು ಬೇರೆ ಕಡೆ ಹೋಗುತ್ತಾರೆ. ನಾಲ್ಕನೇ ಬೆಂಚನ್ನು ಬೋರಕ್ಕ ಒಳಗೆ ತಂದು ಅದರ ಮೇಲೆ ಬ್ಯಾಂಡೇಜು, ಅರಳೆಯ ಪೆಟ್ಟಿಗೆಗಳನ್ನು ಜೋಡಿಸಿದ್ದಾಳೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನೂರ್ ಅಹಮ್ಮದನ ಫೋನು ಬಂತು. ಬೆಂಗಳೂರಿಗೆ ಹೋಗಿ ಬಂದೆವು, ಹೃದಯದ ಎಕೋ ಸ್ಕ್ಯಾನ್ ಮಾಡಿದರು, ಸೋರಿಕೆ ಮೊದಲಿನಷ್ಟೇ ಇದೆಯಂತೆ, ಹೆಚ್ಚಾಗಿಲ್ಲವಂತೆ ಎಂದ. "ಹೇಳ್ಬೇಕು ಅನ್ನಿಸ್ತು, ಅದಕ್ಕೆ ಮಾಡ್ದೆ" ಎಂದು ಇಟ್ಟುಬಿಟ್ಟ. ಮೆಟ್ಟಿಲು ಹತ್ತಿದರೆ ಈಗಲೂ ಉಸಿರು ಏರುತ್ತದೆಯೇ, ದಿಂಬು ಎತ್ತರಿಸಿಕೊಳ್ಳದೆ ಮಲಗಿ ನಿದ್ದೆ ಮಾಡುತ್ತಾಳೆಯೇ, ಶಾಲೆಯಲ್ಲಿ ಆಟದ ಹೊತ್ತಿಗೆ ಎಲ್ಲಿ ಕೂತಿರುತ್ತಾಳೆ ಎಂದು ಗೋವರ್ಧನನಿಗೆ ಕೇಳುವುದಿತ್ತು. ಮತ್ತೆ ಫೋನು ಮಾಡಿ ಕೇಳಬಹುದಾಗಿತ್ತು. ಮಾಡಲಿಲ್ಲ.